ಲಾವಂಚ: ಬೇರಿನೊಳಗಿನ ಪರಿಮಳ

ಲಾವಂಚ ಹುಲ್ಲಿನ ಜಾತಿಯ ಗಿಡ. ಇದರ ಪರಿಮಳ ಇರುವುದು ಹೂವಿನಲ್ಲಲ್ಲ, ನೆಲದಾಳಕ್ಕೆ ಇಳಿಯುವ ಬೇರಿನಲ್ಲಿ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಈ ಬೇರನ್ನು ಹಾಕುವುದು, ಇದರ ತಟ್ಟಿ ಕಟ್ಟಿ ನೀರು ಚಿಮುಕಿಸುವುದು ನಮ್ಮಲ್ಲಿ ಹಳೆಯ ರೂಢಿ. ಜಗತ್ತು ಬಳಸುವ ‘ವೆಟಿವರ್’ ಎಂಬ ಹೆಸರು ತಮಿಳಿನ ‘ವೆಟ್ಟಿವೇರ್’ನಿಂದ ಬಂದದ್ದು. ಅಲ್ಲಿನ ‘ವೇರ್’ ನಮ್ಮ ‘ಬೇರು’.

ಬೇರಿನಿಂದ ಎಣ್ಣೆ
ಅಗೆದ ಬೇರನ್ನು ತೊಳೆದು, ಒಣಗಿಸಿ, ಹಬೆಯಲ್ಲಿ ಬಟ್ಟಿ ಇಳಿಸುತ್ತಾರೆ. ಎಣ್ಣೆಯ ಅಣುಗಳು ಭಾರವಾದ್ದರಿಂದ ಇದಕ್ಕೆ ಹಲವು ಗಂಟೆಗಳೇ ಬೇಕು. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಗಳಲ್ಲಿ ಇಳಿಸುವ ಎಣ್ಣೆಗೆ ‘ರೂಹ್ ಖಸ್’ ಎಂದು ಹೆಸರು. ಹೈಟಿ ಮತ್ತು ಇಂಡೋನೇಷ್ಯಾದ ಜಾವಾ ಲಾವಂಚದ ಎಣ್ಣೆಯ ಇಂದಿನ ಮುಖ್ಯ ನೆಲೆಗಳು. ಹೈಟಿಯ ಎಣ್ಣೆ ಹಗುರ, ತಿಳಿ. ಜಾವಾದ್ದರಲ್ಲಿ ಹೊಗೆಯ ಛಾಯೆ.

ಸುಗಂಧದ ತಳಪಾಯ
ಮೈಗೆ ಹಚ್ಚಿದ ಅತ್ತರಿನಲ್ಲಿ ನಿಂಬೆ, ಕಿತ್ತಳೆಗಳ ಘಮ ಬೇಗ ಹಾರಿಹೋಗುತ್ತದೆ. ನಿಧಾನವಾಗಿ ಆರುವ ಲಾವಂಚ ಕೊನೆಯವರೆಗೆ ಉಳಿದು, ಜೊತೆಯ ಪರಿಮಳಗಳನ್ನೂ ಹಿಡಿದಿಡುತ್ತದೆ. ಫ್ರಾನ್ಸಿನಲ್ಲಿ 1957ರಲ್ಲಿ ಕಾರ್ವೆನ್, 1959ರಲ್ಲಿ ಗೆರ್ಲಾನ್ ಮತ್ತು ಜಿವಾಂಶಿ ಸಂಸ್ಥೆಗಳು ಲಾವಂಚದ ಹೆಸರಿನಲ್ಲೇ ಸುಗಂಧಗಳನ್ನು ತಂದವು. ಅಲ್ಲಿಂದ ಈ ಬೇರು ಗಂಡಸರ ಸುಗಂಧಗಳ ಗುರುತಾಯಿತು.

ಜೊತೆಗಾರ ಶ್ರೀಗಂಧ
ಮರದ ಪರಿಮಳಗಳಲ್ಲಿ ಲಾವಂಚಕ್ಕೆ ಆಪ್ತ ಜೋಡಿ ಶ್ರೀಗಂಧ. ಲಾವಂಚದ್ದು ಮಳೆ ಬಿದ್ದ ಮಣ್ಣಿನ ಒಗರು, ಗಂಧದ್ದು ಕೆನೆಯಂಥ ಮೃದುತನ. ಎರಡೂ ಈ ನೆಲ ಜಗತ್ತಿಗೆ ಕೊಟ್ಟ ಉಡುಗೊರೆ.