ಬಾಣ ಬಿಟ್ಟವರು, ಲೆಕ್ಕ ಬರೆದವರು



ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ಆ ಸಂಗಮಕ್ಕೆ ಹತ್ತಿರದಲ್ಲೇ ಸೋಸಲೆ ಎಂಬ ಊರಿದೆ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೇನೆಯೊಡನೆ ಹೋರಾಡಿದ ಜನರಲ್ ಹ್ಯಾರಿಸನ ಸೈನ್ಯ, ಅದೇ ತಿಂಗಳ ಕೊನೆಯಲ್ಲಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದತ್ತ ನಡೆಯಿತು. ರಾಕೆಟ್ಟಿನ ಚರಿತ್ರೆ ಹೇಳಹೊರಟವರು ಜರ್ಮನಿಯಿಂದಲೋ ಅಮೆರಿಕದಿಂದಲೋ ಪ್ರಾರಂಭಿಸುವುದು ವಾಡಿಕೆ. ಈ ಹೊಳೆಯ ದಂಡೆಯಿಂದ ಪ್ರಾರಂಭಿಸಿದರೂ ತಪ್ಪಾಗದು. ಏಕೆಂದರೆ ಹೊಳೆ ದಾಟಿದ ಆ ಸೈನ್ಯವನ್ನು ಕಾದಿದ್ದ ಆಯುಧಗಳಲ್ಲಿ ಮೈಸೂರಿನ ರಾಕೆಟ್, ಅಂದರೆ ‘ಬಾಣ’ವೂ ಒಂದಾಗಿತ್ತು.

ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ಬಾಣ ಮತ್ತು ಬಂದೂಕುಗಳ ಹೊಡೆತಕ್ಕೆ ಸಿಕ್ಕಿ, ದಿಕ್ಕು ತಪ್ಪಿ ಹಿಂದೆ ಸರಿಯಬೇಕಾಯಿತು. ಈ ವೆಲ್ಲೆಸ್ಲಿಯೇ ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್.

ಈ ಬಾಣದ ವಿಶೇಷವೇನು? ಆ ಕಾಲದಲ್ಲಿ ಯೂರೋಪಿನಲ್ಲಿ ರಾಕೆಟ್ಟಿನ ಕೊಳವೆ ಸಾಮಾನ್ಯವಾಗಿ ದಪ್ಪ ಕಾಗದದ್ದು. ಮೈಸೂರಿನ ಕಮ್ಮಾರರು ಅದನ್ನು ಕಬ್ಬಿಣದಲ್ಲಿ ಮಾಡಿದರು. ಕೊಳವೆಯೊಳಗೆ ಮದ್ದು ಉರಿದಾಗ ಬಿಸಿ ಅನಿಲ ಹುಟ್ಟಿ ಎಲ್ಲ ದಿಕ್ಕಿಗೂ ಒತ್ತುತ್ತದೆ. ಆ ಒತ್ತಡವನ್ನು ಗೋಡೆ ತಡೆದುಕೊಂಡರೆ ಅನಿಲ ಹಿಂದಿನ ಕಿರಿದಾದ ತೂತಿನಿಂದ ರಭಸದಿಂದ ಹೊರನುಗ್ಗುತ್ತದೆ. ರಾಕೆಟ್ ಮುಂದಕ್ಕೆ ಹಾರುತ್ತದೆ. ಗೋಡೆ ದುರ್ಬಲವಾದರೆ ಕೊಳವೆಯೇ ಸಿಡಿಯುತ್ತದೆ. ಕಬ್ಬಿಣ ಹೆಚ್ಚು ಒತ್ತಡ ತಡೆಯಿತು, ಅದರಿಂದ ಬಾಣ ಹೆಚ್ಚು ದೂರ ಹೋಯಿತು. ಹಾರಾಟ ನೆಟ್ಟಗಿರಲೆಂದು ಕೊಳವೆಗೆ ಉದ್ದನೆಯ ಬಿದಿರನ್ನೋ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಕೋಟೆಯಲ್ಲಿ ಸಿಕ್ಕ ಬಾಣಗಳಲ್ಲಿ ಕೆಲವು ಇಂಗ್ಲೆಂಡಿನ ವುಲಿಚ್ ಎಂಬಲ್ಲಿಗೆ ಹೋದವು. ಮುಂದೆ ಆದದ್ದನ್ನು ಗಮನವಿಟ್ಟು ನೋಡಿ. ವಿಲಿಯಂ ಕಾಂಗ್ರೀವ್ ಎಂಬಾತ 1804ರಿಂದ ಅಲ್ಲಿ ಪ್ರಯೋಗಗಳನ್ನು ನಡೆಸಿದ. ಮದ್ದಿನ ಪ್ರಮಾಣ, ಕೊಳವೆಯ ಅಳತೆ, ಹಾರಿದ ದೂರ, ಎಲ್ಲಕ್ಕೂ ಲೆಕ್ಕವಿಟ್ಟ. 1807ರಲ್ಲಿ ಅವನ ರಾಕೆಟ್ಟುಗಳು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಅದೇ ವರ್ಷ ಆ ವಿದ್ಯೆಯ ಬಗ್ಗೆ ಅವನ ಪುಸ್ತಕವೂ ಹೊರಬಂತು. 1813ರಲ್ಲಿ ವುಲಿಚ್‌ನ ವಿಲಿಯಂ ಮೂರ್ ಎಂಬ ಗಣಿತಜ್ಞ ನ್ಯೂಟನ್ನನ ನಿಯಮಗಳನ್ನು ಅನ್ವಯಿಸಿ ರಾಕೆಟ್ಟಿನ ಚಲನೆಯ ಮೇಲೆ ಒಂದು ಗ್ರಂಥವನ್ನೇ ಬರೆದ.

ನಮ್ಮಲ್ಲಿ? ಟಿಪ್ಪುವಿನ ಸೈನಿಕ ಕೈಪಿಡಿ ‘ಫತ್‌ಹುಲ್ ಮುಜಾಹಿದೀನ್’ನಲ್ಲಿ ಬಾಣ ಹೊಡೆಯುವ ಆಳುಗಳ ವ್ಯವಸ್ಥೆಯ ಪ್ರಸ್ತಾಪವಿದೆ. ಆದರೆ ಕುಲುಮೆಯ ಮುಂದೆ ಕುಳಿತ ಕಮ್ಮಾರರ ಹೆಸರಾಗಲಿ, ಅವರು ಕಂಡುಕೊಂಡ ಅಳತೆಗಳ ಲೆಕ್ಕವಾಗಲಿ ನಮ್ಮ ಕೈಗೆ ಬಂದಿಲ್ಲ. ಬಾಣದ ಬಗ್ಗೆ ನಾವು ತಿಳಿದಿರುವ ಬಹುಪಾಲು ವಿಷಯ ಅದರಿಂದ ಪೆಟ್ಟು ತಿಂದವರೇ ಬರೆದಿಟ್ಟದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ವಸ್ತು ಸಿಕ್ಕಿತು, ಮಾಡಿದವರ ಮಾತು ಸಿಗಲಿಲ್ಲ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಕುರಿತು ಬರೆದಾಗಲೂ, ಅಳತೆಗಾಗಿ ವುಲಿಚ್‌ನಲ್ಲಿ ಉಳಿದಿದ್ದ ಮಾದರಿಗಳ ಕಡೆ ತಿರುಗಬೇಕಾಯಿತು.

ಈ ಹಳೆಯ ಕಥೆ ಇಂದು ಏಕೆ ಬೇಕು? ಏಕೆಂದರೆ ರಾಕೆಟ್ ಹಾರಿಸುವುದು ಈಗ ಯುದ್ಧದ ಕೆಲಸವಷ್ಟೇ ಅಲ್ಲ, ವ್ಯಾಪಾರವೂ ಹೌದು. ಆ ವ್ಯಾಪಾರದ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಇಸ್ರೋದ ವಾಣಿಜ್ಯ ವ್ಯವಹಾರಕ್ಕಾಗಿ 1992ರಲ್ಲಿ ಆಂಟ್ರಿಕ್ಸ್, 2019ರಲ್ಲಿ ನ್ಯೂಸ್ಪೇಸ್ ಇಂಡಿಯಾ ಸಂಸ್ಥೆಗಳು ಸ್ಥಾಪನೆಯಾದವು. 1999ರ ಮೇ 26ರಂದು ಪಿಎಸ್‌ಎಲ್‌ವಿ ರಾಕೆಟ್ ನಮ್ಮ ಓಷನ್‌ಸ್ಯಾಟ್ ಜೊತೆಗೆ ಕೊರಿಯಾ ಮತ್ತು ಜರ್ಮನಿಗಳ ಪುಟ್ಟ ಉಪಗ್ರಹಗಳನ್ನು ಹೊತ್ತೊಯ್ಯಿತು. 2007ರ ಏಪ್ರಿಲ್ 23ರಂದು ಇಟಲಿಯ 352 ಕಿಲೋ ತೂಕದ ಅಜಿಲೆ ಉಪಗ್ರಹವೇ ಮುಖ್ಯ ಪ್ರಯಾಣಿಕನಾಯಿತು. 2017ರ ಫೆಬ್ರವರಿ 15ರಂದು ಒಂದೇ ರಾಕೆಟ್ಟಿನಲ್ಲಿ 104 ಉಪಗ್ರಹಗಳು ಹೋದವು. ಅವುಗಳಲ್ಲಿ 101 ಹೊರದೇಶದವು. 2022ರಲ್ಲಿ ಯುಕ್ರೇನ್ ಯುದ್ಧದಿಂದಾಗಿ ರಷ್ಯಾದ ರಾಕೆಟ್ಟುಗಳು ಕೈತಪ್ಪಿದಾಗ ಒನ್‌ವೆಬ್ ಕಂಪನಿ ನಮ್ಮ ಬಾಗಿಲಿಗೂ ಬಂತು; ಎರಡು ಎಲ್‌ವಿಎಂ-3 ರಾಕೆಟ್ಟುಗಳು ಅದರ 72 ಉಪಗ್ರಹಗಳನ್ನು ಮೇಲಕ್ಕೆ ಒಯ್ದವು. ವ್ಯಾಪಾರ ಏಕಮುಖವಲ್ಲ. ನಮ್ಮ ಜಿಸ್ಯಾಟ್-ಎನ್2 ಉಪಗ್ರಹದ ತೂಕ 4,700 ಕಿಲೋ. ಅದು ನಮ್ಮ ರಾಕೆಟ್ಟಿನ ಶಕ್ತಿಗೆ ಮೀರಿದ್ದು. ಹೀಗಾಗಿ 2024ರ ನವೆಂಬರ್‌ನಲ್ಲಿ ಅಮೆರಿಕದ ಖಾಸಗಿ ಕಂಪನಿ ಸ್ಪೇಸ್ಎಕ್ಸ್‌ನ ಫಾಲ್ಕನ್-9 ಅದನ್ನು ಹೊತ್ತೊಯ್ದಿತು.

ಇಂಥ ಉಡಾವಣೆಗಳನ್ನು ಆಸಕ್ತಿಯಿಂದ ಹಿಂಬಾಲಿಸುವ ಯುವಜನರ ದೊಡ್ಡ ಬಳಗವೇ ಲೋಕದಲ್ಲಿದೆ. ನೀವೂ ಅದನ್ನು ಸೇರಬಹುದು. ಆದರೆ ಸೇರುವುದೆಂದರೆ ಚಪ್ಪಾಳೆ ತಟ್ಟುವುದಷ್ಟೇ ಅಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಹೊರಟಾಗ ಹೊಸಬರ ಕಣ್ಣು ಮೇಲಿನ ಬಾವುಟದ ಮೇಲಿರುತ್ತದೆ. ಅನುಭವಸ್ಥರು ನೋಡುವುದು ಚಕ್ರವನ್ನು, ಅದಕ್ಕೆ ಮರದ ಅಡ್ಡಿ ಕೊಡುವವನ ಕೈಯನ್ನು. ರಾಕೆಟ್ಟನ್ನೂ ಹಾಗೆಯೇ ನೋಡಬೇಕು.

ದೃಶ್ಯಮಾಧ್ಯಮದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಬೆಂಕಿ, ಹೊಗೆ, ಗರ್ಜನೆ ಬಹಳ ಪ್ರಿಯ. ಅವು ಒಂದೆರಡು ನಿಮಿಷದಲ್ಲಿ ಮುಗಿಯುತ್ತವೆ. ಆಮೇಲೆ ಪರದೆಯ ಮೇಲೆ ಬರುವ ನಕ್ಷೆಯಲ್ಲಿ ಎರಡು ಗೆರೆಗಳಿರುತ್ತವೆ. ಒಂದು, ರಾಕೆಟ್ ಹೋಗಬೇಕಾದ ದಾರಿ. ಇನ್ನೊಂದು, ಅದು ನಿಜವಾಗಿ ಹೋಗುತ್ತಿರುವ ದಾರಿ. ಎರಡೂ ಒಂದರ ಮೇಲೊಂದು ಕೂತಿದ್ದರೆ ಕ್ಷೇಮ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೊದಲೆರಡು ಹಂತಗಳು ಸರಿಯಾಗಿಯೇ ಕೆಲಸ ಮಾಡಿದವು. ಮೂರನೆಯ ಹಂತದಲ್ಲಿ, ಘನ ಇಂಧನ ಉರಿಯುವ ಕೋಶದೊಳಗಿನ ಒತ್ತಡ ಕುಸಿಯಿತು. ಉಪಗ್ರಹ ಕಕ್ಷೆ ಸೇರಲಿಲ್ಲ. ಮೈಸೂರಿನ ಕಮ್ಮಾರ ಕಬ್ಬಿಣದ ಕೊಳವೆಯಲ್ಲಿ ಹಿಡಿದಿಡಲು ಹೆಣಗಿದ್ದು ಇದೇ ಒತ್ತಡವನ್ನಲ್ಲವೇ?

ಆದ್ದರಿಂದ ನಿಮಗೊಂದು ಸೂಚನೆ. ನಾಲ್ಕಾರು ಗೆಳೆಯರು ಸೇರಿ ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಉಡಾವಣೆಗೆ ಒಂದು ಪುಟ. ರಾಕೆಟ್ಟಿನ ಹೆಸರು, ಹೊತ್ತ ತೂಕ, ಯಾರ ಉಪಗ್ರಹ, ಯಾವ ಕಕ್ಷೆ, ಪ್ರತಿ ಹಂತ ಕಳಚಬೇಕಾದ ಸಮಯ ಇವನ್ನು ಮೊದಲೇ ಬರೆಯಿರಿ. ಉಡಾವಣೆ ನಡೆಯುವಾಗ ನಿಜವಾದ ಸಮಯವನ್ನು ಪಕ್ಕದಲ್ಲೇ ಬರೆಯಿರಿ. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಗೆರೆ ಎಳೆದು, ಏಕೆಂದು ನಿಮ್ಮ ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿ. ಸೋತ ಉಡಾವಣೆಯ ಪುಟವನ್ನು ಮಾತ್ರ ಎಂದೂ ಹರಿಯಬೇಡಿ. ಎಲ್ಲಕ್ಕಿಂತ ಹೆಚ್ಚು ಪಾಠ ಆ ಪುಟದಲ್ಲಿರುತ್ತದೆ.

ನಗರದ ಬಾವಿಯಲ್ಲಿ ಸಿಕ್ಕ ಸಾವಿರ ಬಾಣಗಳ ಜೊತೆ ಇಂಥ ಒಂದೇ ಒಂದು ಪುಟ ಸಿಕ್ಕಿದ್ದರೆ ನಮ್ಮ ಚರಿತ್ರೆಯನ್ನು ನಾವೇ ಹೇಳಬಹುದಿತ್ತು. ಶ್ರೀಹರಿಕೋಟಾದಿಂದ ಮುಂದಿನ ರಾಕೆಟ್ ಹೊರಡುವ ದಿನ, ಪುಟದ ತಲೆಯಲ್ಲಿ ತಾರೀಖು ಬರೆದುಕೊಂಡು ಪರದೆಯ ಮುಂದೆ ಕುಳಿತುಕೊಳ್ಳಿ.