ಹೆಣ್ಣು ಸೈಕಲ್ ಏರಿದ ಕಥೆ

ಯುಗಾದಿಗೆ ಇನ್ನೊಂದು ವಾರವಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ನಾಲ್ವರು ಗೆಳತಿಯರು ಸೈಕಲ್ ಏರಿ ಊರಾಚೆ ಹೊರಟೆವು. ಇಬ್ಬರು ಶಿಕ್ಷಕಿಯರು, ಒಬ್ಬರು ಅಂಚೆ ಕಚೇರಿಯವರು, ಮತ್ತೊಬ್ಬರು ಆಗಲೇ ಮೊಮ್ಮಗಳನ್ನು ಕಂಡವರು. ನಾಲ್ವರ ವಯಸ್ಸನ್ನು ಕೂಡಿಸಿದರೆ ಇನ್ನೂರು ದಾಟುತ್ತದೆ. ಪೇಟೆಯ ಚಹಾದಂಗಡಿಯ ಮುಂದಿದ್ದವರು ಕಪ್ಪನ್ನು ತುಟಿಯವರೆಗೆ ತಂದು ಹಾಗೆಯೇ ನಿಂತರು. “ಟೀಚರ್, ಗಾಡಿ ಕೆಟ್ಟೈತೇನ್ರಿ?” ಎಂದು ಒಬ್ಬರು ಮರುಕದಿಂದ ಕೇಳಿದರು. ಸ್ಕೂಟರ್ ಇದ್ದವಳು ಸೈಕಲ್ ತುಳಿಯುತ್ತಿದ್ದಾಳೆಂದರೆ ಗಾಡಿ ಕೆಟ್ಟಿರಲೇಬೇಕು ಎಂಬುದು ಅವರ ಲೆಕ್ಕ.

ಊರು ದಾಟಿದ ಮೇಲೆ ಹೊಂಗೆಯ ಎಳೆ ಚಿಗುರು, ಬೇವಿನ ಹೂವಿನ ವಾಸನೆ, ಎಲ್ಲೋ ಮಾವಿನ ತೋಪಿನೊಳಗೆ ಕೂಗುವ ಕೋಗಿಲೆ. ನಾವು ಹೊರಟದ್ದು ಆರು ಕಿಲೋಮೀಟರ್ ದೂರದ ನನ್ನ ಹುಟ್ಟೂರಿಗೆ. ಆ ದಾರಿಯ ಜೊತೆಗೆ ನನ್ನದೊಂದು ಹಳೆಯ ಲೆಕ್ಕ ಬಾಕಿಯಿತ್ತು.

1980ರ ದಶಕದ ಆರಂಭದಲ್ಲಿ ನಮ್ಮೂರಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ನನ್ನ ಜೊತೆ ಒಂದೇ ತಟ್ಟಿನ ಮೇಲೆ ಕುಳಿತು ಕಲಿತ ಗೆಳತಿಯೊಬ್ಬಳಿದ್ದಳು. ಲೆಕ್ಕದಲ್ಲಿ ನನಗಿಂತ ಮುಂದು. ಹೈಸ್ಕೂಲಿಗೆ ಪೇಟೆಗೇ ಬರಬೇಕು. ದಿನಕ್ಕೆ ಎರಡು ಸಲ ಬರುವ ಬಸ್ಸು ಶಾಲೆಯ ವೇಳೆಗೆ ಹೊಂದುತ್ತಿರಲಿಲ್ಲ. ಹುಡುಗರು ಒಂದೊಂದು ಸೈಕಲ್ಲಿನ ಮೇಲೆ ಇಬ್ಬಿಬ್ಬರಾಗಿ ಹೋದರು. ನನಗೆ ಪೇಟೆಯಲ್ಲಿ ಸೋದರತ್ತೆಯ ಮನೆಯಿತ್ತು, ಅವಳಿಗೆ ಇರಲಿಲ್ಲ. ಅವಳ ಅಣ್ಣನ ಸೈಕಲ್ ಮಾತ್ರ ದಿನವಿಡೀ ಕಟ್ಟೆಗೆ ಒರಗಿ ನಿಂತಿರುತ್ತಿತ್ತು. ನಾನೇ ಧೈರ್ಯಮಾಡಿ ಅವಳ ಅವ್ವನನ್ನು ಕೇಳಿದ್ದೆ. “ಹೆಣ್ಮಕ್ಕಳಿಗೆ ಸೈಕಲ್ ಯಾಕ ಬೇಕವ್ವಾ? ನಾಳೆ ಬಿದ್ದು ಕೈಕಾಲು ಮುರಕೊಂಡರ ಯಾರು ಮಾಡಿಕೊಳ್ಳಾವ್ರು?” ಎಂದಿದ್ದರು. ಗೆಳತಿಯ ಓದು ಅಲ್ಲಿಗೆ ನಿಂತಿತು. ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವವಳಾದೆ.

ಇಂಥ ಮಾತು ನಮ್ಮ ಹಳ್ಳಿಯ ಅವ್ವಂದಿರದು ಮಾತ್ರ ಎಂದು ಬಹಳ ದಿನ ತಿಳಿದಿದ್ದೆ. ಚರಿತ್ರೆ ಓದುತ್ತ ಹೋದಂತೆ ನನ್ನ ತಿಳಿವಳಿಕೆ ತಪ್ಪೆಂದು ಗೊತ್ತಾಯಿತು.

ಒಂದು ಕಾಲದ ಸೈಕಲ್ಲುಗಳಲ್ಲಿ ಮುಂದಿನ ಚಕ್ರವೇ ಆಳೆತ್ತರ. ಉದ್ದ ಲಂಗದ ಹೆಣ್ಣುಮಕ್ಕಳು ಅದನ್ನು ಏರುವ ಹಾಗೇ ಇರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ, ಹಿಂದಿನ ಚಕ್ರಕ್ಕೆ ಚೈನು ಹಾಕಿದ ‘ರೋವರ್’ ಸೈಕಲ್ ತಂದ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಇವೆರಡೂ ಸೇರಿದ ಮೇಲೆ ಹೆಂಗಸರಿಗೂ ದಾರಿ ತೆರೆಯಿತು.

1894ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ಸಮಾಜವಾದಿ ತರುಣರು ಒಂದು ಸೈಕಲ್ ಸಂಘ ಕಟ್ಟಿ, ರಾಬರ್ಟ್ ಬ್ಲಾಚ್‌ಫರ್ಡ್ ನಡೆಸುತ್ತಿದ್ದ ‘ಕ್ಲಾರಿಯನ್’ ಪತ್ರಿಕೆಯ ಹೆಸರನ್ನೇ ಅದಕ್ಕಿಟ್ಟರು. ಮರುವರ್ಷ, 1895ರ ವಸಂತದಲ್ಲಿ, ಈಸ್ಟರ್ ರಜೆಗೆ ಬೇರೆ ಬೇರೆ ಊರುಗಳ ಸಂಘದವರು ಡರ್ಬಿಶೈರಿನ ಆಶ್‌ಬರ್ನ್ ಎಂಬ ಊರಿನಲ್ಲಿ ಕೂಡಿದರು. ಕಾರ್ಖಾನೆಯ ಹೊಗೆಯಿಂದ ಹೊರಬಿದ್ದು, ಹಳ್ಳಿಯ ಬೇಲಿಸಾಲಿನ ದಾರಿಗಳಲ್ಲಿ ಗುಂಪಾಗಿ ಸಾಗುವುದು, ದಾರಿಯುದ್ದಕ್ಕೂ ಪತ್ರಿಕೆ ಹಂಚುವುದು ಇವರ ಪದ್ಧತಿ. ಈ ಸಂಘದಲ್ಲಿ ಹೆಂಗಸರಿಗೂ ಜಾಗವಿತ್ತು. 1890ರ ದಶಕದ ಕೊನೆಗೆ ಮ್ಯಾಂಚೆಸ್ಟರಿನ ಸವಾರರಲ್ಲಿ ಕ್ರಿಸ್ಟಬೆಲ್ ಮತ್ತು ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಎಂಬ ಅಕ್ಕತಂಗಿಯರಿದ್ದರು. ಅಕ್ಕ ಮುಂದೆ ಓಡುವಳು, ತಂಗಿ ಏದುಸಿರು ಬಿಡುತ್ತ ಹಿಂದೆ. ಮುಂದೆ ಇವರೇ ತಾಯಿ ಎಮಲೀನ್ ಜೊತೆ ಹೆಣ್ಣಿನ ಮತದ ಹಕ್ಕಿಗಾಗಿ ಜೈಲು ಕಂಡವರು.

ಸಂಘ ಬಾಗಿಲು ತೆರೆದರೂ ಸಮಾಜ ತೆರೆಯಲಿಲ್ಲ. ಸೈಕಲ್ ತುಳಿದರೆ ಹೆಣ್ಣಿನ ಮುಖವೇ ಕೆಡುತ್ತದೆ ಎಂದು ಹೆದರಿಸಿದ ವೈದ್ಯರೂ ಆಗ ಇದ್ದರು. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್ಲಿಗೆ ಅನುಕೂಲವಾದ ಸಡಿಲು ಚಲ್ಲಣ ತೊಟ್ಟು ಸರ್ರೆಯ ಒಂದು ಹೋಟೆಲಿಗೆ ಹೋದರೆ, ಹೆಂಗಸರು ಕೂರುವ ಕೋಣೆಗೆ ಬಿಡಲಿಲ್ಲ. ಮರುವರ್ಷ ಮೊಕದ್ದಮೆ ನಡೆದು ಹೋಟೆಲಿನವರೇ ಗೆದ್ದರು. ನನ್ನನ್ನು ಹೆಚ್ಚು ಕಲಕಿದ್ದು ಕೇಂಬ್ರಿಜಿನ ಸಂಗತಿ. 1897ರ ಮೇ ತಿಂಗಳಲ್ಲಿ, ಹೆಣ್ಣುಮಕ್ಕಳಿಗೂ ಪದವಿ ಕೊಡಬೇಕೇ ಎಂದು ಮತಕ್ಕೆ ಹಾಕಿದ ದಿನ, ವಿರೋಧಿಸಿದ ಹುಡುಗರು ಸೈಕಲ್ ಏರಿದ ಹೆಣ್ಣಿನ ಗೊಂಬೆಯೊಂದನ್ನು ಬೀದಿಗೆ ತೂಗುಹಾಕಿದರು. ಪದವಿ ಬೇಡುವ ಹೆಣ್ಣು, ಸೈಕಲ್ ತುಳಿಯುವ ಹೆಣ್ಣು ಅವರ ಕಣ್ಣಿಗೆ ಒಬ್ಬಳೇ! ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟಿದ್ದು 1948ರಲ್ಲಿ. ಆ ಹುಡುಗರ ಉದ್ದೇಶ ಕೆಟ್ಟದ್ದಾದರೂ ಅವರು ಕಂಡದ್ದು ನಿಜವೇ. ಶಾಲೆಗೂ ಸೈಕಲ್ಲಿಗೂ ನಂಟಿದೆ ಎಂಬುದು ನನ್ನ ಗೆಳತಿಯ ಬಾಳಿನಲ್ಲಿ ನಾನು ಕಂಡದ್ದೇ ಅಲ್ಲವೇ?

ನಮ್ಮ ನೆರೆಯ ತಮಿಳುನಾಡಿನಲ್ಲಿ ಈ ನಂಟನ್ನು ಅರಿತು ಕೆಲಸ ಮಾಡಿದರು. 1990ರ ದಶಕದ ಆರಂಭದಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನದಲ್ಲಿ, ಕಲೆಕ್ಟರ್ ಆಗಿದ್ದ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸುವ ಏರ್ಪಾಡು ಮಾಡಿದರು. ಕಲ್ಲುಗಣಿಯ ಕೂಲಿಯವರು, ಹೊಲದಾಳುಗಳು, ಹೀಗೆ ಹತ್ತಾರು ಸಾವಿರ ಹೆಂಗಸರು ಕಲಿತರು. ಹೆಂಗಸರ ಸೈಕಲ್ ಸಾಲದಾದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಅಡ್ಡಕೋಲಿನ ಮೇಲೆ ಮಗುವನ್ನು ಕೂರಿಸಬಹುದೆಂದು ಅದನ್ನೇ ಮೆಚ್ಚಿದವರೂ ಇದ್ದರು. ನೀರು ತರುವುದು, ಸಂತೆಗೆ ಹೋಗುವುದು, ಮಗುವನ್ನು ಆಸ್ಪತ್ರೆಗೆ ಒಯ್ಯುವುದು ಯಾವುದಕ್ಕೂ ಗಂಡಸಿನ ದಾರಿ ಕಾಯಬೇಕಾಗಲಿಲ್ಲ.

ನಮ್ಮಲ್ಲಿ 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಸಾಲಾಗಿ ನಿಂತ ಹೊಸ ಸೈಕಲ್ಲುಗಳನ್ನೂ, ಹ್ಯಾಂಡಲ್ ಹಿಡಿದು ನಿಂತ ಹುಡುಗಿಯರನ್ನೂ ಮೊದಲ ಸಲ ಕಂಡ ದಿನ ನಾನು ಸ್ಟಾಫ್ ರೂಮಿಗೆ ಹೋಗಿ ಸುಮ್ಮನೆ ಕುಳಿತಿದ್ದೆ. ಆಗಲೂ ನನಗೆ ಸೈಕಲ್ ಬರುತ್ತಿರಲಿಲ್ಲ.

ಕಲಿತದ್ದು ಐವತ್ತು ದಾಟಿದ ಮೇಲೆ. ಅಮೆರಿಕದ ಫ್ರಾನ್ಸೆಸ್ ವಿಲ್ಲರ್ಡ್ ತಮ್ಮ ಐವತ್ತಮೂರರಲ್ಲಿ, ದಿನಕ್ಕೆ ಕಾಲು ಗಂಟೆಯಂತೆ ಸುಮಾರು ಮೂರು ತಿಂಗಳು ಅಭ್ಯಾಸಮಾಡಿ ಸೈಕಲ್ ಕಲಿತರು; 1895ರಲ್ಲಿ ಆ ಕುರಿತು ಪುಸ್ತಕವನ್ನೇ ಬರೆದರು. ಅದನ್ನು ತಿಳಿದ ಮೇಲೆ ನನ್ನ ನೆಪಗಳೆಲ್ಲ ಮುಗಿದವು. ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಿಂದೆ ಸೀಟು ಹಿಡಿದು, “ಕೆಳಗ ನೋಡಬ್ಯಾಡ್ರಿ ಟೀಚರ್, ಮುಂದ ನೋಡ್ರಿ” ಎಂದು ಗದರಿಸಿ ಕಲಿಸಿದಳು. ಮೊಣಕಾಲಿನ ಕಲೆ ಇನ್ನೂ ಇದೆ.

ಊರು ಬಂತು. ಗೆಳತಿ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದಳು. ನಾಲ್ಕು ಸೈಕಲ್ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಒಳಗೆ ಕರೆದು ಅವಲಕ್ಕಿ, ಚಹಾ ಕೊಟ್ಟಳು. ಸೊಸೆ, ಮೊಮ್ಮಕ್ಕಳು, ಮಂಡಿನೋವು ಎಲ್ಲದರ ಸುದ್ದಿಯಾಯಿತು. ಹೊರಡುವಾಗ ನನ್ನ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಯಿಟ್ಟು ಕೇಳಿದಳು:

“ಪ್ಯಾಟಿಯಿಂದ ಇಲ್ಲೀತನ ಎಷ್ಟೊತ್ತಾತು?”

“ನಮ್ಮ ವಯಸ್ಸಿಗೆ ಮುಕ್ಕಾಲು ತಾಸು. ಹುಡುಗರಾದರ ಅರ್ಧ ತಾಸು ಸಾಕು” ಎಂದೆ.

ಅವಳು ದಾರಿಯ ಕಡೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ ಹೇಳಿದಳು:

“ಇಷ್ಟ ದೂರ ಇತ್ತೇನು?”