ಖುರಾಕಿನಿಂದ ಕರಾರಿನವರೆಗೆ: ಹಳೆ ಮೈಸೂರು ಸೀಮೆಯಲ್ಲಿ ಆಟಗಾರರ ಪೋಷಣೆ

ರಾಮನಗರ ತಾಲೂಕಿನ ಕೈಲಾಂಚ ಹೋಬಳಿಯನ್ನೂ ಅದರ ಸುತ್ತಲಿನ ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳನ್ನೂ ಒಳಗೊಂಡ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆಯಿತು. ಕಾಲೇಜಿನಲ್ಲಿ ಓದುತ್ತಲೇ ಕಬಡ್ಡಿ, ವಾಲಿಬಾಲ್, ಓಟ, ಕ್ರಿಕೆಟ್‌ಗಳಲ್ಲಿ ಹೆಸರು ಮಾಡುವ ಇಲ್ಲಿನ ಹುಡುಗ ಹುಡುಗಿಯರಿಗೆ ಆಟದಿಂದ ಹಣ ಬರಬಹುದೇ, ಬಂದರೆ ಯಾರಿಂದ ಮತ್ತು ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಯನ್ನು ಕೇಳಿದಾಗ, ಅದು ಟಿವಿ ಮತ್ತು ಮೊಬೈಲ್ ತಂದ ಹೊಸ ಆಸೆಯೆಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಕಸುವುಳ್ಳ ಯುವಕನನ್ನು ಸಾಕಿ, ಅವನ ಗೆಲುವಿನಲ್ಲಿ ತನ್ನ ಕೀರ್ತಿಯನ್ನೂ ಕಾಣುವ ಪೋಷಕ ಈ ನಾಡಿನಲ್ಲಿ ಎಂದೂ ಇಲ್ಲದೆ ಇರಲಿಲ್ಲ. ಅರಸ, ಊರು, ಕಾರ್ಖಾನೆ, ಬ್ಯಾಂಕು, ಕಂಪನಿ ಎಂದು ಪೋಷಕರು ಬದಲಾದಂತೆ ಆಟಗಾರನಿಗೆ ಸಿಗುವ ಪ್ರತಿಫಲದ ರೂಪವೂ, ಅವನಿಂದ ಕೇಳುವ ಮರುಪಾವತಿಯ ರೂಪವೂ ಬದಲಾದವು.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗದಲ್ಲಿ ಈ ವ್ಯವಸ್ಥೆಯ ಬಹು ಹಳೆಯ ಚಿತ್ರವಿದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರ ಮತ್ತು ಸಾಧನೆಯ ವಿವರಗಳನ್ನು ಕೊಟ್ಟು, ಅವರನ್ನು ಪೋಷಿಸುವ ಹೊಣೆಯನ್ನು ಅರಸನ ಮೇಲೆಯೇ ಹೊರಿಸಲಾಗಿದೆ. ಇದಾಗಿ ನಾಲ್ಕು ಶತಮಾನಗಳ ಮೇಲೆ, ಸುಮಾರು 1535ರಲ್ಲಿ ವಿಜಯನಗರದ ಕುರಿತು ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ಅರಸನ ಬಳಿ ಸಾವಿರ ಮಂದಿ ಜಟ್ಟಿಗಳಿದ್ದರೆಂದೂ, ಅವರಿಗೊಬ್ಬ ನಾಯಕನಿದ್ದನೆಂದೂ, ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನಿಗೆ ಅರಸ ರೇಷ್ಮೆಯ ವಸ್ತ್ರವನ್ನು ಕೊಡುತ್ತಿದ್ದನೆಂದೂ ತಿಳಿಸುತ್ತಾನೆ. ಇವರು ರಾಜ್ಯದಲ್ಲಿ ಬೇರಾವ ಚಾಕರಿಯನ್ನೂ ಮಾಡುತ್ತಿರಲಿಲ್ಲವೆಂಬ ಅವನ ಮಾತು ಇಲ್ಲಿ ಬಹಳ ಮುಖ್ಯವಾದುದು, ಏಕೆಂದರೆ ಆಟವನ್ನೇ ಪೂರ್ಣಾವಧಿಯ ಉದ್ಯೋಗವಾಗಿ ಮಾಡಿಕೊಂಡು, ಅದಕ್ಕಾಗಿಯೇ ಅನ್ನ ಪಡೆಯುತ್ತಿದ್ದ ಜನ ಕನ್ನಡನಾಡಿನಲ್ಲಿ ಐನೂರು ವರ್ಷಗಳ ಹಿಂದೆಯೇ ಇದ್ದರೆಂಬುದು ಅದರಿಂದ ಗೊತ್ತಾಗುತ್ತದೆ. ಅವರು ಆಡುತ್ತಿದ್ದ ಕಾಳಗವೇ ಮೈಸೂರು ಅರಮನೆಯ ದಸರೆಯಲ್ಲಿ ವಜ್ರಮುಷ್ಟಿ ಕಾಳಗವಾಗಿ ಉಳಿದುಬಂದು, ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಮುಗಿಯುವ ಆಚರಣೆಯಾಗಿ ಇಂದಿಗೂ ನಡೆಯುತ್ತಿದೆ.

ಅರಮನೆಯ ಪೋಷಣೆ ಕೆಲವರದಾದರೆ, ಊರ ಗರಡಿಯ ಪೋಷಣೆ ಬಹುಜನರದು. ಮಟ್ಟಿಯೆಂದು ಕರೆಯುವ ಕೆಮ್ಮಣ್ಣಿನ ಅಖಾಡ, ಸಾಮು ತೆಗೆಯುವ ಗದೆ ಮತ್ತು ಕಲ್ಲುಗುಂಡು, ಆಂಜನೇಯನ ಪಟ, ವರಸೆ ಕಲಿಸುವ ಉಸ್ತಾದ್ ಇವಿಷ್ಟೇ ಗರಡಿಮನೆಯ ಆಸ್ತಿ. ಇದರ ನಿಜವಾದ ಖರ್ಚು ಇದ್ದದ್ದು ಖುರಾಕಿನಲ್ಲಿ, ಎಂದರೆ ಪೈಲ್ವಾನನ ಮೈ ಕಟ್ಟುವ ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸಗಳಲ್ಲಿ. ರಾಗಿಮುದ್ದೆಯ ಮನೆಯೊಂದು ಮಗನೊಬ್ಬನಿಗಾಗಿ ದಿನದಿನವೂ ಹೊರಲಾರದ ಖರ್ಚು ಅದು. ಆದ್ದರಿಂದ ಸ್ಥಿತಿವಂತರ ಮನೆಗಳಿಂದ ಹಾಲು ಬರುತ್ತಿತ್ತು, ಜಾತ್ರೆಯ ಕುಸ್ತಿಯಲ್ಲಿ ಗೆದ್ದವನಿಗೆ ನೆರೆದವರು ಇನಾಮು ಕೊಡುತ್ತಿದ್ದರು, ಮತ್ತು ಇವುಗಳಲ್ಲಿ ಯಾವುದಕ್ಕೂ ಕಾಗದವಿರಲಿಲ್ಲ. ದಸರೆಗೆ ಮುನ್ನ ಮೈಸೂರಿನ ಗೋಡೆಗಳ ಮೇಲೆ ಇಂದಿಗೂ ಅಂಟಿಸುವ ಕುಸ್ತಿಯ ಭಿತ್ತಿಪತ್ರವನ್ನು ನಿಂತು ನೋಡಿದರೆ ಈ ಲೋಕದ ಲೆಕ್ಕಾಚಾರ ತಿಳಿಯುತ್ತದೆ: ಎದುರೆದುರು ಮುದ್ರಿಸಿದ ಎರಡು ಭಾವಚಿತ್ರಗಳ ಕೆಳಗೆ ಪೈಲ್ವಾನನ ಹೆಸರು, ಅದರ ಜೊತೆಗೆ ಉಸ್ತಾದ್ ಇಂಥವರ ಶಿಷ್ಯ, ಇಂಥ ಗರಡಿಯವನು ಎಂಬ ವಿವರ, ಕುಸ್ತಿ ಎಷ್ಟು ನಿಮಿಷದ್ದು ಎಂಬ ಷರತ್ತು, ಇಲ್ಲವೇ ಚಿತ್ ಆಗುವವರೆಗೂ ಬಿಡದ ಮಾರ್ಫಿಟ್ ಕುಸ್ತಿಯೆಂಬ ಸೂಚನೆ. ಪೈಲ್ವಾನ ತನ್ನ ಹೆಸರಿನ ಜೊತೆಗೆ ಪೋಷಕರ ಹೆಸರನ್ನೂ ಹೊತ್ತು ಅಖಾಡಕ್ಕೆ ಇಳಿಯುತ್ತಾನೆ. ಇಂದಿನ ಅಂಗಿಯ ಮೇಲಿನ ಲಾಂಛನ ಮಾಡುವ ಕೆಲಸವನ್ನು ಅಲ್ಲಿ ಗರಡಿಯ ಹೆಸರು ಮಾಡುತ್ತದೆ. ಗರಡಿಯ ಹೆಸರು ಏನನ್ನೂ ಮಾರುವುದಿಲ್ಲವೆಂಬುದಷ್ಟೇ ಭೇದ.

ಈ ಸಹಜವಾದ ಕೊಡುಕೊಳೆಗೆ ಅಡ್ಡಬಂದದ್ದು ಕಾಲೇಜಿನೊಡನೆ ಬಂದ ಹವ್ಯಾಸಿ ಆಟಗಾರನ ಕಲ್ಪನೆ. ಆಟವನ್ನು ಆಟಕ್ಕಾಗಿಯೇ ಆಡಬೇಕು, ಹಣ ಮುಟ್ಟಿದವನು ಮರ್ಯಾದಸ್ಥರ ಕಣದಿಂದ ಹೊರಗೆ ಎಂಬ ಈ ನಿಯಮ, ದುಡಿದು ತಿನ್ನುವ ಅಗತ್ಯವಿಲ್ಲದ ಇಂಗ್ಲೆಂಡಿನ ಮೇಲುವರ್ಗದಲ್ಲಿ ಹುಟ್ಟಿ, ಒಲಿಂಪಿಕ್ಸ್‌ನ ಮೂಲಕ ಜಗತ್ತಿಗೆಲ್ಲ ಹರಡಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಅಥ್ಲೀಟ್ ಜಿಮ್ ಥಾರ್ಪ್, ಅದಕ್ಕೆ ಮೊದಲು ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ ಮರುವರ್ಷವೇ ಪದಕಗಳನ್ನು ಕಳೆದುಕೊಂಡನು. ಬಡವನ ಮಗನಿಗೆ ಆಟದ ಬಾಗಿಲು ಮುಚ್ಚಿದ ಈ ನಿಯಮವನ್ನು ಆದರ್ಶವೆಂದು ಹೊಗಳುವುದು ನ್ಯಾಯವಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿಯೂ, ಇಂದಿನ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ ಪೂರ್ವರೂಪವಾದ ಅಂತರ ವಿಶ್ವವಿದ್ಯಾನಿಲಯ ಮಂಡಳಿ 1925ರಲ್ಲಿಯೂ ಆರಂಭವಾದಾಗ ವಿದ್ಯಾರ್ಥಿಗಳ ಆಟಕ್ಕೆ ಒಂದು ಚೌಕಟ್ಟು ಸಿಕ್ಕಿತಾದರೂ, ಆ ಚೌಕಟ್ಟಿನೊಳಗೆ ಗೆಲುವಿಗೆ ದೊರೆಯುತ್ತಿದ್ದದ್ದು ಕಪ್, ಪ್ರಮಾಣಪತ್ರ ಮತ್ತು ವಿಶ್ವವಿದ್ಯಾನಿಲಯದ ಬಣ್ಣದ ಕೋಟು ಮಾತ್ರ.

ಹಣ ಕೊಡದೆ ಆಟಗಾರನನ್ನು ಸಾಕುವ ಉಪಾಯವೊಂದನ್ನು ಬೆಂಗಳೂರಿನ ಕಾರ್ಖಾನೆಗಳು ಮತ್ತು ಬ್ಯಾಂಕುಗಳು ಕಂಡುಕೊಂಡವು, ಅದೇ ನೌಕರಿ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಾಗಲೂ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಮಟ್ಟಿಗೆ ಬರಿಗಾಲಲ್ಲಿ ಆಡಿದ ಭಾರತದ ಪರವಾಗಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಫ್ರಾನ್ಸ್ ವಿರುದ್ಧ ಗೋಲು ಹೊಡೆದಾಗಲೂ ಈ ನಗರದ ಫುಟ್‌ಬಾಲ್ ಗಲ್ಲಿಗಳ ಆಟವಾಗಿತ್ತು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರ ಐಟಿಐ, ಮುಂದೆ ಎಚ್‌ಎಂಟಿ ಮತ್ತು ಬಿಇಎಲ್ ತಮ್ಮ ತಮ್ಮ ತಂಡಗಳನ್ನು ಕಟ್ಟತೊಡಗಿದ ಮೇಲೆ ಆಟಗಾರ ಹಾಜರಿ ಪುಸ್ತಕದಲ್ಲಿ ನೌಕರನಾಗಿ, ಸಂಜೆ ಮೈದಾನದಲ್ಲಿ ಸಂಸ್ಥೆಯ ಹೆಸರು ಹೊತ್ತ ಆಟಗಾರನಾಗಿ ಬದುಕುವುದು ಸಾಧ್ಯವಾಯಿತು. ಮೈಸೂರು ರಾಜ್ಯ 1946, 1952 ಮತ್ತು 1960ರ ದಶಕದ ಕೊನೆಯ ಭಾಗದ ಎರಡು ಸಾಲುಗಳಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದರ ಹಿಂದೆ ಗಲ್ಲಿಯ ಚಳಕದ ಜೊತೆಗೆ ಈ ನೌಕರಿಗಳೂ ಇದ್ದವು. ಕ್ರಿಕೆಟ್‌ನಲ್ಲಿ ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿಯೂ, ವೆಂಕಟೇಶ್ ಪ್ರಸಾದ್ ಕೆನರಾ ಬ್ಯಾಂಕಿನಲ್ಲಿಯೂ ಕೆಲಸ ಮಾಡಿದವರು. ಕೇಂದ್ರ ಸರ್ಕಾರವು 1980ರಲ್ಲಿ ಹೊರಡಿಸಿದ ಆದೇಶದ ಮೂಲಕ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ನೇರವಾಗಿ ತೆಗೆದುಕೊಳ್ಳುವ ಪದ್ಧತಿಗೆ, ಎಂದರೆ ಜನರ ಬಾಯಲ್ಲಿ ಸ್ಪೋರ್ಟ್ಸ್ ಕೋಟಾ ಎನಿಸಿಕೊಂಡದ್ದಕ್ಕೆ, ಸ್ಪಷ್ಟ ರೂಪ ಕೊಟ್ಟಿತು.

ಈ ನೌಕರಿ ಪದ್ಧತಿಯನ್ನು ಹವ್ಯಾಸಿ ನಿಯಮದ ಮುಸುಕೆಂದು ಹಳಿಯುವವರಿದ್ದಾರೆ. ಆದರೆ ಹಳ್ಳಿಯಿಂದ ಬಂದ ಸಾಮಾನ್ಯ ಮಟ್ಟದ ಆಟಗಾರನಿಗೆ, ಮಂಡಿ ಮುರಿದ ಮರುದಿನವೂ ಸಂಬಳ ನಿಲ್ಲದೆ, ನಿವೃತ್ತಿಯ ಮೇಲೂ ಪಿಂಚಣಿ ತಪ್ಪದೆ ಬರುವಂತೆ ಮಾಡಿದ ಬೇರೊಂದು ವ್ಯವಸ್ಥೆಯನ್ನು ಈ ಸೀಮೆ ಕಂಡಿಲ್ಲ. ಅದರ ಕೊರತೆ ಇದ್ದದ್ದು ವಿದ್ಯಾರ್ಥಿಯ ಪಾಲಿಗೆ: ಪೂರ್ಣಾವಧಿಯ ನೌಕರಿ ಹಿಡಿದವನು ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿ ಆಡುವಂತಿಲ್ಲವಾದ್ದರಿಂದ, ಪದವಿಯ ಓದು ಮತ್ತು ಆಟದ ಅನ್ನ ಇವೆರಡರಲ್ಲಿ ಒಂದನ್ನು ಇಪ್ಪತ್ತರ ಹರೆಯದಲ್ಲೇ ಆರಿಸಿಕೊಳ್ಳಬೇಕಾಗುತ್ತಿತ್ತು.

ಕಾಲೇಜು ಮತ್ತು ಉನ್ನತ ಮಟ್ಟದ ಆಟ ಒಟ್ಟಿಗೆ ಸಾಗಿದ ನಿದರ್ಶನಗಳೂ ಇದೇ ನಗರದಲ್ಲಿವೆ. ಅನಿಲ್ ಕುಂಬ್ಳೆ 1990ರಲ್ಲಿ ಭಾರತದ ಪರ ಮೊದಲ ಪಂದ್ಯ ಆಡಿದಾಗ ಆರ್.ವಿ. ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿ. ರಾಹುಲ್ ದ್ರಾವಿಡ್ 1991ರಲ್ಲಿ ರಣಜಿ ಟ್ರೋಫಿಗೆ ಕಾಲಿಟ್ಟಾಗ ಇನ್ನೂ ಓದುವ ಹುಡುಗ, ಮುಂದೆ ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಿನ ಪದವೀಧರ. ತಂದೆ ಕಿಸಾನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಗೆಳೆಯರು ಇಟ್ಟ ‘ಜ್ಯಾಮಿ’ ಎಂಬ ಅಡ್ಡಹೆಸರು ದ್ರಾವಿಡ್‌ಗೆ ಅಂಟಿಕೊಂಡಿತು, ಮತ್ತು ಪ್ರಸಿದ್ಧಿಗೆ ಬಂದ ಮೇಲೆ ಅವರು ಅದೇ ಕಿಸಾನ್‌ನ ಜಾಹೀರಾತುಗಳಲ್ಲಿ ಕಾಣಿಸಿಕೊಂಡರು. ಒಂದೇ ತಲೆಮಾರಿನ ಅಂತರದಲ್ಲಿ ಮನೆಯೊಂದರ ಸಂಬಂಧ ಸಂಬಳದಿಂದ ಪ್ರಾಯೋಜಕತ್ವಕ್ಕೆ ಹೊರಳಿತು. ಪ್ರಾಯೋಜಕತ್ವವೆಂದರೆ ದುಡಿಮೆಗೆ ಕೊಡುವ ಕೂಲಿಯಲ್ಲ, ದಾನವೂ ಅಲ್ಲ. ಆಟಗಾರನ ಹೆಸರು, ಮುಖ ಮತ್ತು ಅವನ ಮೇಲೆ ಜನರಿಗಿರುವ ನಂಬಿಕೆಯನ್ನು ನಿಗದಿತ ಅವಧಿಗೆ ಬಳಸಿಕೊಳ್ಳಲು ಕಂಪನಿಯೊಂದು ಕೊಡುವ ಬೆಲೆ. ಗರಡಿಯ ಕಾಲದಲ್ಲಿ ಆಟಗಾರನ ಹೆಸರು ಕೀರ್ತಿಯಾಗಿತ್ತು, ಈಗ ಅದು ಆಸ್ತಿಯಾಯಿತು.

ಒಲಿಂಪಿಕ್ಸ್‌ನ ನಿಯಮಾವಳಿಯಲ್ಲಿ ಹವ್ಯಾಸಿ ಎಂಬ ಕಟ್ಟುಪಾಡು 1970ರ ದಶಕದಿಂದ ಸಡಿಲಗೊಂಡು, ಮುಂದಿನ ದಶಕದಲ್ಲಿ ವೃತ್ತಿಪರರಿಗೆ ಬಾಗಿಲು ತೆರೆಯಿತಾದರೂ, ಅಮೆರಿಕದ ಕಾಲೇಜುಗಳು ಮಾತ್ರ ತಮ್ಮ ಆಟಗಾರರ ಆಟದಿಂದ ಕೋಟ್ಯಂತರ ಡಾಲರ್ ಗಳಿಸುತ್ತಲೇ ಅವರಿಗೆ ಜಾಹೀರಾತಿನ ಹಣ ಮುಟ್ಟದಂತೆ 2021ರ ಜುಲೈ 1ರವರೆಗೂ ತಡೆದಿದ್ದವು. ಭಾರತದ ಕಾಲೇಜುಗಳಲ್ಲಿ ಅಂಥ ಮಾರುಕಟ್ಟೆಯೇ ಇರಲಿಲ್ಲ. ಇಲ್ಲಿ ಹಣ ಬಂದದ್ದು ಬೇರೆ ದಾರಿಗಳಿಂದ. ರಾಮನಗರ ಸೀಮೆಯ ಜಕ್ಕಸಂದ್ರದಲ್ಲಿ ಕ್ಯಾಂಪಸ್ ಹೊಂದಿರುವ ಜೈನ್ ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ ಪಂಕಜ್ ಅಡ್ವಾಣಿ, ರಾಬಿನ್ ಉತ್ತಪ್ಪ, ಕೆ.ಎಲ್. ರಾಹುಲ್ ಓದಿದರು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಆತಿಥ್ಯ ವಹಿಸಿದ ಈ ಸಂಸ್ಥೆ 20 ಚಿನ್ನದೊಡನೆ ಪಟ್ಟಿಯ ಮೊದಲ ಸ್ಥಾನವನ್ನೂ ಪಡೆಯಿತು. ಖಾಸಗಿ ಕಾಲೇಜುಗಳು ಆಟಗಾರರಿಗೆ ಕೊಡುವ ಶುಲ್ಕ ವಿನಾಯಿತಿ ಮತ್ತು ಹಾಜರಾತಿಯ ರಿಯಾಯಿತಿಗೆ ಬದಲಾಗಿ, ಪ್ರವೇಶದ ದಿನಗಳಲ್ಲಿ ಆ ಆಟಗಾರರ ಭಾವಚಿತ್ರ ರಸ್ತೆಬದಿಯ ಫಲಕಗಳನ್ನು ಏರುವುದು ಎಲ್ಲರೂ ಕಂಡದ್ದೇ. ಇದೂ ಹೆಸರಿನ ವ್ಯಾಪಾರವೇ, ಆದರೆ ಬೆಲೆ ಎಷ್ಟೆಂದು ಆಟಗಾರ ಕೇಳಬಹುದೆಂಬ ಅರಿವು ಇನ್ನೂ ಮೂಡಿಲ್ಲ.

ಮತ್ತೊಂದು ದಾರಿಯನ್ನು ತೆರೆದದ್ದು 2013ರ ಕಂಪನಿ ಕಾಯ್ದೆ. ನಿಗದಿತ ಗಾತ್ರ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು ವಿಧಿಸಿದ ಈ ಕಾಯ್ದೆ, ಗ್ರಾಮೀಣ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯನ್ನೂ ಆ ಪಟ್ಟಿಯಲ್ಲಿ ಸೇರಿಸಿದೆ. 2021ರ ತಿದ್ದುಪಡಿ ಅದಕ್ಕೊಂದು ಗೆರೆ ಎಳೆಯಿತು: ತನ್ನ ಸರಕಿನ ಪ್ರಚಾರದ ಲಾಭಕ್ಕಾಗಿ ಮಾಡುವ ಪ್ರಾಯೋಜಕತ್ವವನ್ನು ಈ ಶೇ. 2ರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಗರಡಿಗೆ ಹಾಲು ಕಳಿಸುತ್ತಿದ್ದವರಲ್ಲಿ ಬೆರೆತೇ ಇದ್ದ ಔದಾರ್ಯ ಮತ್ತು ಪ್ರತಿಷ್ಠೆಯ ಆಸೆಗಳನ್ನು ಕಾನೂನು ಹೀಗೆ ಎರಡು ಖಾತೆಗಳಾಗಿ ಬೇರ್ಪಡಿಸಿದೆ.

ಕೈಲಾಂಚದಂಥ ಹೋಬಳಿಯ ವಿದ್ಯಾರ್ಥಿಗೆ ಇವೆರಡೂ ಖಾತೆಗಳು ದೂರವೇ. ಅವನು ಕಾಣುವ ಪ್ರಾಯೋಜಕತ್ವವೆಂದರೆ ರಾಜ್ಯೋತ್ಸವಕ್ಕೋ ಗಣೇಶನ ಹಬ್ಬಕ್ಕೋ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಮೊದಲ ಬಹುಮಾನ ಕೊಟ್ಟವರೊಬ್ಬರು, ಟ್ರೋಫಿ ಕೊಟ್ಟವರು ಮತ್ತೊಬ್ಬರು, ಮ್ಯಾಟ್ ಮತ್ತು ದೀಪದ ಖರ್ಚು ವಹಿಸಿದವರು ಇನ್ನೊಬ್ಬರು; ಇವರೆಲ್ಲರ ಭಾವಚಿತ್ರಗಳು ಫ್ಲೆಕ್ಸಿನ ಮೇಲೆ ಸಾಲುಗಟ್ಟಿರುತ್ತವೆ, ಆಡುವವರ ಚಿತ್ರ ಅಪರೂಪ. ಟೀ ಶರ್ಟ್ ಹಾಕಿಸಿದವರ ಹೆಸರು ಬೆನ್ನಿನ ಮೇಲೆ, ಅಂಕಿಯ ಮೇಲ್ಗಡೆ, ಆಟಗಾರನ ಹೆಸರು ಇರಬೇಕಾದ ಜಾಗದಲ್ಲಿ ಅಚ್ಚಾಗಿರುತ್ತದೆ. ಗೆದ್ದ ಹಣ ತಂಡಕ್ಕೆ ಹಂಚಿಹೋಗಿ, ಒಬ್ಬೊಬ್ಬರ ಕೈಗೆ ಬರುವುದು ಶೂ ಕೊಳ್ಳಲೂ ಸಾಲದಷ್ಟು.

ಇಂಥ ಹುಡುಗನಿಗೆ ನಾಳೆ ಶೂ ಕಂಪನಿಯೋ ಪೌಷ್ಟಿಕ ಪುಡಿಯ ಕಂಪನಿಯೋ ಕರಾರು ಮುಂದಿಟ್ಟರೆ ತಿಳಿದಿರಬೇಕಾದ ಸಂಗತಿಗಳು ಹಲವು. 1872ರ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಸಹಿಗೆ ಬೆಲೆಯಿಲ್ಲ, ಆದ್ದರಿಂದ ಪಿಯುಸಿಯ ಹುಡುಗಿಯ ಪರವಾಗಿ ತಂದೆ ತಾಯಿಯರು ಮುಂದೆ ಬರಬೇಕು. ಹಣದ ಬದಲು ಬ್ಯಾಟು, ಬೂಟು, ಮೊಬೈಲ್ ಕೊಟ್ಟರೂ, ವರ್ಷಕ್ಕೆ ಅದರ ಮೌಲ್ಯ 20,000 ರೂಪಾಯಿ ಮೀರಿದರೆ ಶೇ. 10ರ ತೆರಿಗೆ ಕಡಿತ 2022ರ ಜುಲೈಯಿಂದ ಜಾರಿಯಲ್ಲಿದೆ. ಸರಕಿನ ಬಗ್ಗೆ ಸುಳ್ಳು ಹೇಳುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಲ್ಲದು. ಪುಡಿಯ ಡಬ್ಬಿಯೊಂದರಲ್ಲಿ ನಿಷೇಧಿತ ಮದ್ದಿನ ಅಂಶವಿದ್ದರೆ ಅದನ್ನು ಸೇವಿಸಿದ ಆಟಗಾರನ ಮೇಲೆಯೇ ನಿಷೇಧ ಬೀಳುತ್ತದೆಯೇ ಹೊರತು ಡಬ್ಬಿ ಕೊಟ್ಟವನ ಮೇಲಲ್ಲ. ಉಸ್ತಾದ್ ತನ್ನ ಶಿಷ್ಯನ ಖುರಾಕನ್ನು ಕಣ್ಣಾರೆ ನೋಡುತ್ತಿದ್ದ. ಕರಾರಿನ ಕಾಗದವನ್ನು ಓದಿ ಹೇಳುವ ಅಂಥ ಹಿರಿಯನೊಬ್ಬ ಸರ್ಕಾರಿ ಪದವಿ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗದಲ್ಲಿ ಇರಲೇಬೇಕಾದ ಕಾಲವಿದು.

ಪ್ರಾಯೋಜಕರೇನೂ ದೂರದಲ್ಲಿಲ್ಲ. ಕೈಲಾಂಚದಂತೆಯೇ ರಾಮನಗರ ತಾಲೂಕಿನ ಹೋಬಳಿಯಾದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್‌ನ ಕಾರ್ಖಾನೆಯಿದ್ದು, ಟೊಯೋಟಾ 2015ರಿಂದ 2024ರ ಪ್ಯಾರಿಸ್ ಕೂಟದವರೆಗೆ ಒಲಿಂಪಿಕ್ಸ್‌ನ ಜಾಗತಿಕ ಪ್ರಾಯೋಜಕನಾಗಿತ್ತು. ಕರ್ನಾಟಕ ಹಾಲು ಮಹಾಮಂಡಳಿ 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳನ್ನು ಪ್ರಾಯೋಜಿಸಿದಾಗ ನಂದಿನಿಯ ಹೆಸರು ಅಟ್ಲಾಂಟಿಕ್‌ನ ಆಚೆಯ ಮೈದಾನಗಳಲ್ಲಿ ಮೆರೆಯಿತು. ಮಹಾಮಂಡಳಿಯ ಅಂಗವಾದ ಬೆಂಗಳೂರು ಹಾಲು ಒಕ್ಕೂಟಕ್ಕೆ ಹಾಲು ಹಾಕುವವರಲ್ಲಿ ರಾಮನಗರ ಸೀಮೆಯ ಹಳ್ಳಿಗಳ ಡೇರಿಗಳೂ ಸೇರಿವೆ. ಹಿಂದೆ ಊರಿನ ಹಾಲು ಊರಿನ ಗರಡಿಯ ಹುಡುಗನಿಗೆ ಹೋಗುತ್ತಿದ್ದ ಈ ನಾಡಿನಲ್ಲಿ, ಒಕ್ಕೂಟದ ಪ್ರಚಾರ ವೆಚ್ಚದ ಒಂದು ನಿಗದಿತ ಪಾಲು ಹಾಲು ಹಾಕುವ ಮನೆಗಳ ಕಾಲೇಜು ಆಟಗಾರರಿಗೆ, ಅವರ ಹೆಸರಿನಲ್ಲಿಯೇ ಬರೆದ ಕರಾರಿನ ಮೂಲಕ, ಸಲ್ಲಬೇಕೆಂದು ಡೇರಿಯ ಸದಸ್ಯರು ತಮ್ಮ ವಾರ್ಷಿಕ ಮಹಾಸಭೆಯಲ್ಲಿ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.